ಓನರ್ ಪಟ್ಟಿ ಸೋಸಲಿಲ್ಲ, ಹುಡುಗಿಯ ಸಿಮ್ ಕಟ್ಟಾಯ್ತು

ನಮಸ್ಕಾರ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಮೇಲಿನ ರೂಮಲ್ಲಿ ನಾನು ಆರು ತಿಂಗಳು ಟೆಲಿಕಾಲರ್ ಆಗಿ ಕೆಲಸ ಮಾಡಿದೀನಿ. ಸೈಟ್ ಮಾರೋ ಆಫೀಸು. ಬೆಳಿಗ್ಗೆ ಹತ್ತಕ್ಕೆ ಹೋದ್ರೆ ಓನರ್ ಎಕ್ಸೆಲ್ ಶೀಟಿನ ಪ್ರಿಂಟ್ ಕೈಗಿಡ್ತಿದ್ರು. ಹೆಸರು, ಊರು, ನಂಬರ್. ಶಿರಾ, ಗುಬ್ಬಿ, ಕುಣಿಗಲ್, ತಿಪಟೂರು. ದಿನಕ್ಕೆ ಇನ್ನೂರು ಕಾಲ್ ಆಗ್ಬೇಕು. ಮಾತಾಡಿದವರ ಮುಂದೆ ಟಿಕ್, ಬೈದವರ ಮುಂದೆ ಇಂಟು.

ಆ ನಂಬರ್‌ಗಳು ಎಲ್ಲಿಂದ ಬಂದ್ವು? ಕೆಲವು ಜಾತ್ರೆ ಸ್ಟಾಲಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿಸ್ಕೊಂಡಿದ್ದು. ಮಿಕ್ಕಿದ್ದು ಬೆಂಗಳೂರಲ್ಲಿ ಯಾರೋ 'ಡೇಟಾ' ಅಂತ ಮಾರಿದ್ದು. ಅದರಲ್ಲಿ ಯಾರು ಡಿಎನ್‌ಡಿ (ಜಾಹೀರಾತು ಕರೆ ಬೇಡ ಅನ್ನೋ ನೋಂದಣಿ) ಹಾಕ್ಸಿದಾರೆ, ಯಾರು ಹಾಕ್ಸಿಲ್ಲ ಅಂತ ಒಂದು ದಿನಾನೂ ಯಾರೂ ನೋಡ್ಲಿಲ್ಲ. ನೋಡ್ಬೇಕು ಅನ್ನೋದು ನನಗೂ ಗೊತ್ತಿರ್ಲಿಲ್ಲ.

ಗೊತ್ತಾಗಿದ್ದು ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿಯಿಂದ. ಹಿಂದೆ ಲೋಡ್ ಮಾಡೋರ ಗಲಾಟೆ ಕೇಳಿಸ್ತಿತ್ತು. ನಾನು ನನ್ನ ಪಾಠ ಒಪ್ಪಿಸಿದೆ. "ಸರ್, ಶಿರಾ ರೋಡಲ್ಲಿ ಹೊಸ ಲೇಔಟ್ ಆಗಿದೆ..." ಅವರು ಬೈಯ್ಯಲಿಲ್ಲ. "ಅಲ್ಲ ಕಣಮ್ಮ, ಇಂಥ ಕಾಲ್ ಬೇಡ ಅಂತ ನಾನು 1909 ನಂಬರ್‌ಗೆ ಹೇಳಿ ಎರಡು ವರ್ಷ ಆಯ್ತು. ಈ ಸಿಮ್ ನಿನ್ನ ಹೆಸರಲ್ಲಿದೆಯಾ, ನಿಮ್ಮ ಓನರ್ ಹೆಸರಲ್ಲಾ?" ಅಂದ್ರು. ನನ್ನದೇ ಸಾರ್ ಅಂದೆ. "ಹಂಗಾದ್ರೆ ನಾನು ಕಂಪ್ಲೇಂಟ್ ಕೊಟ್ರೆ ಹೊಡೆತ ಬೀಳೋದು ನಿನಗೆ. ಇಡು ಫೋನು" ಅಂದ್ರು. ಅವತ್ತು ಅರ್ಧ ಗಂಟೆ ನಾನು ಇನ್ನೊಂದು ನಂಬರ್ ಒತ್ತಲಿಲ್ಲ.

ಆ ಮನುಷ್ಯ ಹೇಳಿದ್ದು ನಿಜ. ಹೇಗೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಸ್.ಎಸ್. ಪುರಂ, ಅಶೋಕ ರಸ್ತೆ, ಕ್ಯಾತ್ಸಂದ್ರ ಕಡೆಯೆಲ್ಲ ಇವತ್ತಿಗೂ ನನ್ನಂಥ ಹುಡುಗೀರು ಸ್ವಂತ ಸಿಮ್ಮಲ್ಲಿ ಕೋಚಿಂಗು, ಸೈಟು, ಇನ್ಶೂರೆನ್ಸ್ ಮಾರ್ತಾ ಕೂತಿದಾರೆ.

ಬೇಡ ಅನ್ನೋರ ಪಟ್ಟಿ ನಮ್ಮ ದೇಶದಲ್ಲಿ 2007ರಲ್ಲೇ ಶುರುವಾಯ್ತು. ಈಗ ನಡೀತಿರೋದು ಟೆಲಿಕಾಂ ಕಂಪನಿಗಳನ್ನ ನಿಯಂತ್ರಿಸೋ ಟ್ರಾಯ್ 2018ರಲ್ಲಿ ತಂದ ನಿಯಮ. ಅದನ್ನ 2025ರ ಫೆಬ್ರವರಿಯಲ್ಲಿ ಇನ್ನೂ ಬಿಗಿ ಮಾಡಿದ್ರು. ಗಿರಾಕಿ 1909ಕ್ಕೆ ಹೇಳಿ ಎಲ್ಲ ಜಾಹೀರಾತು ಕರೆನೂ ನಿಲ್ಲಿಸ್ಬಹುದು. ಇಲ್ಲ, ಬ್ಯಾಂಕು ಬೇಡ, ರಿಯಲ್ ಎಸ್ಟೇಟ್ ಬೇಡ, ಶಿಕ್ಷಣ ಬೇಡ ಅಂತ ಬೇಕಾದ್ದನ್ನ ಮಾತ್ರ ಆರಿಸಿ ನಿಲ್ಲಿಸ್ಬಹುದು. ಇಲ್ಲೇ ನಮ್ಮೋರು ಎಡವೋದು. ಒಬ್ಬರ ನಂಬರ್‌ಗೆ ಆಸ್ಪತ್ರೆ ಕ್ಯಾಂಪ್ ಬಗ್ಗೆ ಫೋನ್ ಮಾಡಿದ್ರೆ ತಪ್ಪಿಲ್ಲದೇ ಇರಬಹುದು, ಸೈಟ್ ಬಗ್ಗೆ ಮಾಡಿದ್ರೆ ಅದೇ ತಪ್ಪಾಗುತ್ತೆ. ಪಕ್ಕದ ಆಫೀಸಿನವರು ಬೇಡ ಅಂದವರನ್ನ ತೆಗೆದು ಸೋಸಿದ ಪಟ್ಟಿ ನಮಗೆ ಆಗಲ್ಲ.

ಅಮೆರಿಕದಲ್ಲಿ 2003ರಿಂದ ಇಂಥ ಪಟ್ಟಿ ಇದೆ. ಅಲ್ಲಿ ವ್ಯಾಪಾರ ಮಾಡೋರೇ ಆ ಪಟ್ಟಿ ತಗೊಂಡು, ಕನಿಷ್ಠ 31 ದಿನಕ್ಕೊಮ್ಮೆ ತಮ್ಮ ನಂಬರ್‌ಗಳ ಜೊತೆ ತಾಳೆ ನೋಡ್ಬೇಕು. ನಮ್ಮಲ್ಲಿ ಆ ಪಟ್ಟಿಯನ್ನ ಅಂಗಡಿಯವರ ಕೈಗೆ ಕೊಡಲ್ಲ. ಡಿಎಲ್‌ಟಿ ಅಂತ ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್‌ನವರ ವ್ಯವಸ್ಥೆ ಇದೆ. ವ್ಯಾಪಾರದವರು ಅಲ್ಲಿ ನೋಂದಣಿ ಆಗ್ಬೇಕು. ನೋಂದಣಿಯಾದ ಟೆಲಿಮಾರ್ಕೆಟರ್ ಮೂಲಕ ಪಟ್ಟಿ ಆ ವ್ಯವಸ್ಥೆಯೊಳಗೆ ಹೋಗುತ್ತೆ, ರಾಗಿ ಹಿಟ್ಟನ್ನ ಒಂದರಿ ಹಿಡಿದ ಹಂಗೆ ಬೇಡ ಅಂದವರ ನಂಬರ್ ಮೇಲೇ ಉಳ್ಕೊಳ್ಳುತ್ತೆ. ಕೆಳಗೆ ಬಿದ್ದ ನಂಬರ್‌ಗಳಿಗೆ ಮಾತ್ರ ಕಾಲ್, ಅದೂ 140ರಿಂದ ಶುರುವಾಗೋ ನಂಬರಿಂದ. ನಮ್ಮ ನಿಮ್ಮ ಹತ್ತಂಕಿ ಮೊಬೈಲಿಂದ ಜಾಹೀರಾತು ಕರೆ ಮಾಡೋ ಹಾಗೇ ಇಲ್ಲ. ಅಂದ್ರೆ ನಮ್ಮ ಆಫೀಸಲ್ಲಿ ಪಟ್ಟಿ ಸೋಸದೇ ಇದ್ದಿದ್ದು ಎರಡನೇ ತಪ್ಪು. ನನ್ನ ಸಿಮ್ಮಿಂದ ಮೊದಲ ಕಾಲ್ ಹೋದಾಗಲೇ ಒಂದು ತಪ್ಪು ಆಗಿಹೋಗಿತ್ತು.

ಈಗ ಶಿಕ್ಷೆ ಕೇಳಿ. ಹತ್ತು ದಿನದಲ್ಲಿ ಒಂದು ನಂಬರ್ ಮೇಲೆ 5 ದೂರು ಬಂದ್ರೆ ಸಾಕು, ಕ್ರಮ ಶುರು. ಮೊದಲು ಏಳು ದಿನದಲ್ಲಿ 10 ದೂರು ಬರ್ಬೇಕಿತ್ತು. ದೂರು ಕೊಡೋಕೆ ಗಿರಾಕಿಗೆ ಈಗ ಏಳು ದಿನ ಟೈಮಿದೆ. ನೋಂದಣಿ ಇಲ್ಲದ ನಂಬರಿಂದ ಕಾಲ್ ಬಂದಿದ್ರೆ ಡಿಎನ್‌ಡಿ ಹಾಕ್ಸಿರದ ಗಿರಾಕಿನೂ ದೂರು ಕೊಡ್ಬಹುದು. ತಪ್ಪು ಸಾಬೀತಾದ್ರೆ ಮೊದಲ ಸಲ 15 ದಿನ ಹೊರಹೋಗೋ ಕರೆ ಬಂದ್. ಮತ್ತೆ ಮಾಡಿದ್ರೆ ಒಂದು ವರ್ಷ ಕನೆಕ್ಷನ್ನೇ ಕಟ್, ಎಲ್ಲ ಕಂಪನಿಗಳಲ್ಲೂ. ಇದು ಆ ಒಂದು ನಂಬರ್‌ಗಲ್ಲ, ಆ ವ್ಯಕ್ತಿ ಹೆಸರಲ್ಲಿರೋ ಎಲ್ಲ ನಂಬರ್‌ಗೂ.

ಈ ಕೊನೇ ಮಾತು ನನಗೆ ಓದಿ ಗೊತ್ತಾಗಿದ್ದಲ್ಲ. ನನ್ನ ಪಕ್ಕದ ಕುರ್ಚಿಯ ಹುಡುಗಿ ಪಾವಗಡದ ಕಡೆಯವಳು. ಒಂದು ದಿನ ಮಧ್ಯಾಹ್ನ ಅವಳ ಫೋನಿಂದ ಕಾಲ್ ಹೋಗೋದು ನಿಂತೋಯ್ತು. ರೀಚಾರ್ಜ್ ಮುಗಿದಿದೆ ಅನ್ಕೊಂಡ್ಲು. ಮುಗಿದಿರ್ಲಿಲ್ಲ. ಸಂಜೆ ಅವಳ ಊರಿಂದ ಪಕ್ಕದ ಮನೆಯವರ ಫೋನು: "ನಿಮ್ಮಮ್ಮನ ಮೊಬೈಲಿಂದಾನೂ ಕಾಲ್ ಹೋಗ್ತಿಲ್ಲ ಕಣವ್ವ, ಏನಾಗಿದೆ ನೋಡು." ಅಮ್ಮನ ಸಿಮ್ ತೆಗೆದುಕೊಟ್ಟಿದ್ದು ಇವಳೇ, ಇವಳ ಆಧಾರ್ ಮೇಲೆ. ಹಳ್ಳಿಮನೆಗಳಲ್ಲಿ ಓದಿದ ಮಕ್ಕಳ ಹೆಸರಲ್ಲೇ ತಾನೆ ಸಿಮ್ ತಗೊಳ್ಳೋದು? ಲೇಔಟ್ ಅಂದ್ರೇನು ಅಂತಲೇ ಗೊತ್ತಿಲ್ಲದ ಹೆಂಗಸು, ಮಗಳು ಮಾಡಿದ ಕಾಲಿಗೆ ಹದಿನೈದು ದಿನ ಪಕ್ಕದ ಮನೆ ಬಾಗಿಲು ಬಡಿದ್ರು.

ಹುಡುಗಿ ಅಳ್ತಾ ಓನರ್ ಹತ್ರ ಹೋದ್ಲು. ಅವರು ಪೇಪರ್‌ನಿಂದ ತಲೆ ಎತ್ತದೆ, "ಇನ್ನೊಂದು ಸಿಮ್ ತಗೋಳಮ್ಮ, ದುಡ್ಡು ಕೊಡ್ತೀನಿ" ಅಂದ್ರು. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಆ ಮಾತಿಗೆ. ಆ ಲೇಔಟ್ ಬೋರ್ಡಲ್ಲಿ, ಕರಪತ್ರದಲ್ಲಿ, ಬ್ಯಾನರಲ್ಲಿ ಎಲ್ಲ ಕಡೆ ಅವರ ಹೆಸರಿತ್ತು. ದೂರು ಬಿದ್ದ ನಂಬರಲ್ಲಿ ಮಾತ್ರ ಇರ್ಲಿಲ್ಲ.

ವ್ಯಾಪಾರ ಮಾಡೋರು ನನಗೆ ಒಂದು ಮಾತು ಹೇಳ್ತಾರೆ. "ಸೋಸ್ತಾ ಕೂತ್ರೆ ಅರ್ಧ ಪಟ್ಟಿ ಹೋಗುತ್ತೆ ಕಣಮ್ಮ, ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ." ಆರು ತಿಂಗಳು ಟಿಕ್ಕು, ಇಂಟು ಹಾಕಿದವಳಾಗಿ ಉತ್ತರ ಕೊಡ್ತೀನಿ. ಡಿಎನ್‌ಡಿ ಹಾಕ್ಸಿದೀನಿ ಅಂತ ಹೇಳಿದವರಲ್ಲಿ ಒಬ್ಬರೂ ನನ್ನ ಕೈಲಿ ಸೈಟ್ ತಗೊಳ್ಳಲಿಲ್ಲ. ಒಬ್ಬರೂ. ಅವರಿಗೆ ಫೋನ್ ಮಾಡಿ ಬೈಸ್ಕೊಂಡ ಹೊತ್ತಲ್ಲಿ, ಲೇಔಟ್ ನೋಡೋಕೆ ತಾವೇ ಬಂದು ನಂಬರ್ ಬರೆದುಹೋದವರಿಗೆ ಸರಿಯಾಗಿ ಮಾತಾಡಿದ್ರೆ ಇನ್ನೆರಡು ಸೈಟ್ ಹೆಚ್ಚಿಗೆ ಹೋಗ್ತಿತ್ತು.

ಲಕ್ಕಿ ಡ್ರಾ ಕೂಪನ್ ಬಗ್ಗೆನೂ ಹೇಳ್ಬೇಕು. "ಅವರೇ ನಂಬರ್ ಬರೆದುಕೊಟ್ಟಿದಾರಲ್ಲ, ಒಪ್ಪಿಗೆ ಇದ್ದಂಗೆ" ಅಂತಾರೆ. ಜಾತ್ರೇಲಿ ಮಿಕ್ಸಿ ಸಿಗುತ್ತೆ ಅಂತ ನಂಬರ್ ಬರೆದವರು ಸೈಟ್ ಮಾರೋ ಕರೆಗೆ ಒಪ್ಪಿದಂಗಲ್ಲ. ಒಪ್ಪಿಗೆ ಇದ್ರೆ ಡಿಎನ್‌ಡಿ ಇದ್ದವರಿಗೂ ಕಾಲ್ ಮಾಡ್ಬಹುದು, ಸರಿ. ಆದ್ರೆ ಅದು ಯಾವ ವಿಷಯಕ್ಕೆ ಅಂತ ಸ್ಪಷ್ಟವಾಗಿ ಕೇಳಿ ಪಡೆದದ್ದಾಗಿರ್ಬೇಕು, ಡಿಎಲ್‌ಟಿಯಲ್ಲಿ ದಾಖಲಾಗಿರ್ಬೇಕು. ಹಳೇ ಗಿರಾಕಿಗೆ "ನಾಳೆ ನಿಮ್ಮ ರಿಜಿಸ್ಟ್ರೇಷನ್ ಇದೆ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬನ್ನಿ" ಅಂತ ಹೇಳೋದು ಬೇರೆ, ಅದು ಸೇವೆ. ಅದೇ ಕಾಲಲ್ಲಿ "ಹಂಗೇ ಇನ್ನೊಂದು ಹೊಸ ಲೇಔಟ್ ಇದೆ ಸರ್" ಅಂತ ಸೇರಿಸಿದ್ರೆ ಅದು ಜಾಹೀರಾತಾಯ್ತು. ನಮಗೆ ಬರೆದುಕೊಟ್ಟ ಪಾಠದಲ್ಲಿ ಆ ಎರಡೂ ಒಂದೇ ಉಸಿರಲ್ಲಿದ್ವು.

ಓನರ್‌ಗಳಿಗೆ ನಾನು ಕೇಳೋದು ಇಷ್ಟೇ. ನಿಮ್ಮ ವ್ಯಾಪಾರದ ಹೆಸರಲ್ಲಿ ನೋಂದಣಿ ಮಾಡ್ಸಿ. ಪ್ರತಿ ಸಲ ಕಾಲ್ ಶುರು ಮಾಡೋ ಮುಂಚೆ ಪಟ್ಟಿ ಸೋಸಿಸಿ. ಹೋದ ತಿಂಗಳು ಸೋಸಿದ್ದು ಈ ತಿಂಗಳಿಗೆ ಬರಲ್ಲ, ನಡುವೆ ಎಷ್ಟೋ ಜನ 1909ಕ್ಕೆ ಹೇಳಿರ್ತಾರೆ. ಖರ್ಚಾಗುತ್ತೆ, ಹೌದು. ಆ ಖರ್ಚು ನಿಮ್ಮದು, ತಿಂಗಳ ಸಂಬಳದ ಹುಡುಗಿಯದ್ದಲ್ಲ.

ಈಗ ನನ್ನ ತಂಗಿಯರಿಗೆ. ನಾಳೆ ಬೆಳಿಗ್ಗೆ ಪಟ್ಟಿ ಕೈಗೆ ಬಂದಾಗ ಕೇಳಿ: "ಸಾರ್, ಇದು ಸೋಸಿರೋದಾ? ಯಾವ ನಂಬರಿಂದ ಮಾಡ್ಬೇಕು?" ನಿನ್ನ ಸಿಮ್ಮಿಂದಾನೇ ಮಾಡು ಅಂದ್ರೆ ಒಪ್ಪಬೇಡಿ. ಕೆಲಸ ಹೋಗುತ್ತೆ ಅನ್ನೋ ಭಯ ನನಗೂ ಇತ್ತು, ಆ ಭಯ ಸಣ್ಣದಲ್ಲ ಅಂತ ಗೊತ್ತು. ಒಬ್ಬಳೇ ಕೇಳೋಕೆ ಕಷ್ಟ ಆದ್ರೆ ರೂಮಲ್ಲಿರೋ ನಾಲ್ಕೂ ಜನ ಸೇರಿ ಕೇಳಿ. ಕೆಲಸಕ್ಕೆ ಸೇರುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ರೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿಗೆ ಹೋಗಿ, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಇವತ್ತೇ ನೋಡಿ. ನೀವು ತಗೊಳ್ಳದೇ ಇರೋ ನಂಬರ್ ಅಲ್ಲಿ ಕಂಡ್ರೆ, ಅದು ನನ್ನದಲ್ಲ ಅಂತ ಅಲ್ಲೇ ಒತ್ತಿ ತಿಳಿಸ್ಬಹುದು. ಅಮ್ಮನ ಹತ್ರ ಇರೋ ಸಿಮ್ಮೂ ಆ ಲೆಕ್ಕದಲ್ಲಿ ಬರುತ್ತೆ, ಅದನ್ನ ಆದಷ್ಟು ಬೇಗ ಅಮ್ಮನ ಹೆಸರಿಗೇ ಮಾಡ್ಸಿಕೊಡಿ.