ಕೀಲಿನ ಕಾಯಿಲೆಗೆ ಎದೆಯ ಸ್ಕ್ಯಾನ್ ಯಾಕೆ?

ಕೇಳುಗರೇ, ನಮಸ್ಕಾರ.

ರುಮಟಾಯ್ಡ್ ಆರ್ಥ್ರೈಟಿಸ್ ಅಂದ ಕೂಡಲೇ ಊದಿದ ಬೆರಳು, ಬೆಳಿಗ್ಗೆ ಬಿಗಿಯುವ ಮಣಿಕಟ್ಟು, ಮಡಚಲಾಗದ ಮಂಡಿ ನೆನಪಾಗುತ್ತವೆ. ಆದರೆ ಈ ಕಾಯಿಲೆ ಕೀಲಿಗಷ್ಟೇ ನಿಲ್ಲುವುದಿಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇಲ್ಲಿ ನಮ್ಮ ಮೇಲೆ ತಿರುಗಿಬಿದ್ದಿರುತ್ತದೆ. ಅದು ಶ್ವಾಸಕೋಶವನ್ನೂ ಬಿಡುವುದಿಲ್ಲ. ಗಾಳಿಚೀಲಗಳ ನಡುವಿನ ತೆಳು ಗೋಡೆ ಊದಿಕೊಂಡು, ಬರಬರುತ್ತಾ ಹಳೇ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಡಾಕ್ಟರುಗಳು ಇದನ್ನು ಐಎಲ್‌ಡಿ (ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್) ಎನ್ನುತ್ತಾರೆ. ಈ ಆರ್ಥ್ರೈಟಿಸ್ ಇರುವ 100 ಜನರಲ್ಲಿ ಸುಮಾರು 10 ಮಂದಿಗೆ ಇದು ತೊಂದರೆ ಕೊಡುವ ಮಟ್ಟಕ್ಕೆ ಬರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ, ವಯಸ್ಸಾದವರಿಗೆ, ಗಂಡಸರಿಗೆ ಅಪಾಯ ಜಾಸ್ತಿ.

ಕಷ್ಟ ಇರುವುದು ಪತ್ತೆಯಲ್ಲಿ. ಮಂಡಿ ನೋವಿದ್ದವರು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುತ್ತಾರೆ. ಜೋರಾಗಿ ನಡೆದರೆ ತಾನೇ ಏದುಸಿರು ಬರುವುದು? ಶುರುವಿನ ಹಂತ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಖಚಿತವಾಗಿ ತೋರಿಸುವುದು ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್. ಅದಕ್ಕೆ ಖರ್ಚಿದೆ, ವಿಕಿರಣವಿದೆ, ಹಳ್ಳಿಯವರಾದರೆ ದೂರದ ಪಟ್ಟಣಕ್ಕೆ ಓಡಾಟವಿದೆ. ಎಲ್ಲರಿಗೂ ಮತ್ತೆ ಮತ್ತೆ ಮಾಡಿಸಿ ಅನ್ನೋಕಾಗಲ್ಲ ಅಲ್ವಾ?

ಅಲ್ಟ್ರಾಸೌಂಡ್ ನೆರವಿಗೆ ಬರುವುದು ಇಲ್ಲೇ. ತಮಾಷೆ ಅಂದ್ರೆ, ಶ್ವಾಸಕೋಶಕ್ಕೆ ಅಲ್ಟ್ರಾಸೌಂಡ್ ದಂಡ ಎಂದೇ ಬಹಳ ಕಾಲ ನಂಬಿದ್ದರು. ಗಾಳಿ ಎದುರಾದರೆ ಶಬ್ದದ ಅಲೆ ಮುಂದೆ ಹೋಗದೆ ವಾಪಸ್ ಬರುತ್ತದೆ. ಹಾಗಾಗಿ ಗಾಳಿ ತುಂಬಿದ ಒಳ್ಳೆಯ ಶ್ವಾಸಕೋಶದಲ್ಲಿ ಕಾಣುವುದು ಹೊರಗಿನ ಪೊರೆ, ಅದರ ಕೆಳಗೆ ಅದೇ ಪೊರೆಯ ಪ್ರತಿಧ್ವನಿಯಾದ ಅಡ್ಡ ಗೆರೆಗಳು, ಅಷ್ಟೇ. ಒಳಗಿನ ಗೋಡೆ ದಪ್ಪವಾದಾಗ ಚಿತ್ರವೇ ಬದಲಾಗುತ್ತದೆ. ಪೊರೆಯಿಂದ ಪರದೆಯ ತಳದವರೆಗೆ ಬಿಳಿ ಗೆರೆಗಳು ನೇರವಾಗಿ ಇಳಿಯುತ್ತವೆ, ಉಸಿರಿನ ಜೊತೆ ಅತ್ತಿತ್ತ ಸರಿಯುತ್ತವೆ. ಇವೇ ಬಿ-ಲೈನ್‌ಗಳು. ಇಂಥ ಗೆರೆಗಳ ಅರ್ಥವನ್ನು ಫ್ರಾನ್ಸಿನ ಐಸಿಯು ವೈದ್ಯ ಡೇನಿಯಲ್ ಲಿಶ್ಟೆನ್‌ಸ್ಟೈನ್ ಮತ್ತು ಸಂಗಡಿಗರು 1997ರಲ್ಲಿ ಬರೆದು ತೋರಿಸಿದರು. ಕಲೆಗಟ್ಟಿದ ಕಡೆ ಪೊರೆಯೂ ನಯವಾಗಿರದೆ ಒರಟಾಗಿ ಕಾಣುತ್ತದೆ.

ಕೀಲಿನ ಡಾಕ್ಟರುಗಳಲ್ಲಿ ಅನೇಕರು ಬೆರಳ ಗಂಟಿನ ಊತ ನೋಡಲು ಅಲ್ಟ್ರಾಸೌಂಡನ್ನು ಆಗಲೇ ಬಳಸುತ್ತಾರೆ. ಅದೇ ಯಂತ್ರವನ್ನು ಬೆನ್ನಿನ ಮೇಲೆ, ಪಕ್ಕೆಲುಬುಗಳ ನಡುವೆ ಇಟ್ಟು ನೋಡಿದರಾಯಿತು. ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಶ್ವಾಸಕೋಶದ ತಳಭಾಗದಲ್ಲಿ, ಹಿಂಬದಿಯಲ್ಲಿ.

ಹಾಗಂತ ಗೆರೆ ಕಂಡ ತಕ್ಷಣ ಐಎಲ್‌ಡಿ ಎಂದು ಗಾಬರಿಯಾಗಬೇಡಿ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತರೂ ಬಿ-ಲೈನ್ ಬರುತ್ತದೆ, ನ್ಯುಮೋನಿಯಾದಲ್ಲೂ ಬರುತ್ತದೆ. ಎಷ್ಟು ಗೆರೆ ಕಂಡರೆ ರೋಗ ಎನ್ನುವ ಲೆಕ್ಕವೂ ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ. ಪೊರೆಯವರೆಗೆ ಬಾರದೆ ಆಳದಲ್ಲೇ ಇರುವ ತೊಂದರೆ ಇದಕ್ಕೆ ಕಾಣುವುದೂ ಇಲ್ಲ. ಆದ್ದರಿಂದ ನನ್ನ ಪ್ರಕಾರ ಇದು ಸಿಟಿ ಸ್ಕ್ಯಾನ್‌ಗೆ ಬದಲಿ ಅಲ್ಲ. ಯಾರನ್ನು ಬೇಗ ಆ ಸ್ಕ್ಯಾನ್‌ಗೆ ಕಳಿಸಬೇಕು ಎಂದು ಆರಿಸಲು ಮಾತ್ರ ಬಲು ಉಪಯೋಗಿ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಬೇಕು. ಆ ಕಾಯ್ದೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದೆ ನೋಡಲೆಂದು ಒಂದು ಪುಟ್ಟ ಯಂತ್ರವನ್ನು ಸುಮ್ನೆ ಕೊಂಡು ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ಆರ್ಥ್ರೈಟಿಸ್ ಇದ್ದು ಒಣಕೆಮ್ಮು ಬಿಡದಿದ್ದರೆ, ಸ್ವಲ್ಪ ಕೆಲಸಕ್ಕೇ ಉಸಿರು ಕಟ್ಟಿದರೆ, ಡಾಕ್ಟರ್ ಕೇಳಲಿ ಎಂದು ಕಾಯದೆ ನೀವೇ ಹೇಳಿ. ಈ ಆರ್ಥ್ರೈಟಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯಿಂದಲೇ ಶ್ವಾಸಕೋಶ ಹಾಳಾಯಿತು ಎಂದು ನೀವಾಗಿ ನಿಲ್ಲಿಸಬೇಡಿ. ಅಪರೂಪಕ್ಕೆ ಆ ಮಾತ್ರೆ ಇದ್ದಕ್ಕಿದ್ದಂತೆ ಶ್ವಾಸಕೋಶದ ಉರಿಯೂತ ತರುವುದು ನಿಜ. ಆದರೆ ನಿಧಾನವಾಗಿ ಕಲೆಗಟ್ಟುವ ಈ ಕಾಯಿಲೆಗೆ ಅದು ಕಾರಣ ಎಂಬ ಹಳೆಯ ನಂಬಿಕೆಯನ್ನು ಈಚಿನ ಅಧ್ಯಯನಗಳು ಒಪ್ಪುತ್ತಿಲ್ಲ.