ಹನ್ನೆರಡು ಫೋಟೊ, ಒಂದು ಉಪ್ಪಿನ ಆಗರ

ಈಗ ಟಿಕ್ ಅಂತ ಒಂದು ಸದ್ದು ಕೇಳಿಸಿತಲ್ಲ? ಅಷ್ಟೇ. ಫೋಟೊ ಆಯಿತು. ಎದುರಿಗೆ ನಿಂತವರು ಇನ್ನೂ ಉಸಿರು ಬಿಗಿಹಿಡಿದೇ ಇರುತ್ತಾರೆ. "ಆಯ್ತಾ?" ಅಂತ ಕೇಳುತ್ತಾರೆ. ಆಯ್ತು ಅಂದರೂ ನಂಬುವುದಿಲ್ಲ.

ಇದು ಯಾಶಿಕಾ 635. ಕುಮಟಾದಲ್ಲಿ ನನ್ನ ಸೋದರಮಾವ ಸ್ಟುಡಿಯೋ ಇಟ್ಟುಕೊಂಡಿದ್ದರು, ಅಲ್ಲಿಯ ಕ್ಯಾಮೆರಾ. ಮದುವೆಗೆ ಹುಡುಗಿ ತೋರಿಸುವ ಫೋಟೊ, ಪಾಸ್‌ಪೋರ್ಟ್ ಸೈಜ್ ಫೋಟೊ, ಮಗುವಿಗೆ ವರ್ಷ ತುಂಬಿದ ಫೋಟೊ, ಎಲ್ಲವನ್ನೂ ಇದೇ ತೆಗೆದದ್ದು. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಕ್ಯಾಮೆರಾ ಮಾತ್ರ ಕಪಾಟಿನಲ್ಲೇ ಉಳಿದಿತ್ತು.

ಕ್ಯಾಮೆರಾವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಎರಡು ಲೆನ್ಸ್ ಕಾಣುತ್ತವೆ. ಮೇಲಿನದು ನಾವು ನೋಡುವುದಕ್ಕೆ, ಕೆಳಗಿನದು ಫೋಟೊ ತೆಗೆಯುವುದಕ್ಕೆ. ಮೇಲಿನ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇದೆ. ಅದು ಚಿತ್ರವನ್ನು ಮೇಲಿರುವ ಮಬ್ಬು ಗಾಜಿನ ಮೇಲೆ ಬೀಳಿಸುತ್ತದೆ. ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಬೇಕು. ಚಿತ್ರ ತಲೆಕೆಳಗಾಗುವುದಿಲ್ಲ, ಎಡ ಬಲ ಮಾತ್ರ ಅದಲುಬದಲಾಗುತ್ತದೆ. ನಡೆದು ಹೋಗುವವರನ್ನು ಹಿಂಬಾಲಿಸಲು ಹೋದರೆ ಕೈ ತಪ್ಪು ದಿಕ್ಕಿಗೇ ಹೋಗುತ್ತದೆ. ನನಗೆ ಇವತ್ತಿಗೂ ಹೋಗುತ್ತದೆ.

1958ರಲ್ಲಿ ಬಂದ ಮಾಡೆಲ್ ಇದು. 635 ಅನ್ನುವ ಹೆಸರಿನಲ್ಲೇ ಗುಟ್ಟಿದೆ. ಆರು ಸೆಂಟಿಮೀಟರ್ ಚೌಕದ ಫೋಟೊನೂ ತೆಗೆಯಬಹುದು, ಒಳಗೆ ಒಂದು ಅಡಾಪ್ಟರ್ ಹಾಕಿದರೆ ಸಣ್ಣ 35 ಎಂಎಂ ಫಿಲಂ ರೀಲನ್ನೂ ಓಡಿಸಬಹುದು. ಮಾವನ ಹತ್ತಿರವೂ ಆ ಅಡಾಪ್ಟರ್ ಇತ್ತಂತೆ. ಎಲ್ಲಿ ಹೋಯಿತು ಅಂದರೆ, "ನಿಮ್ಮ ಅತ್ತೆಯನ್ನು ಕೇಳು" ಅನ್ನುತ್ತಾರೆ. ಅತ್ತೆಯನ್ನು ಕೇಳುವ ಧೈರ್ಯ ನನಗಿಲ್ಲ.

ಇಂಥ ಅಗಲದ ಫಿಲಂಗೆ ಮೀಡಿಯಂ ಫಾರ್ಮ್ಯಾಟ್ ಅನ್ನುತ್ತಾರೆ, ಆ ಮಾತು ಮಾವನ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಅವರಿಗೆ ಇದು 'ಒನ್ ಟ್ವೆಂಟಿ'. ಕೊಡಕ್ ಕಂಪನಿ 1901ರಲ್ಲಿ ತನ್ನ ಒಂದು ಡಬ್ಬಿ ಕ್ಯಾಮೆರಾಗೆಂದು ತಂದ ರೀಲು. 120 ಅನ್ನುವುದು ಉದ್ದವೂ ಅಲ್ಲ, ಅಗಲವೂ ಅಲ್ಲ, ಸುಮ್ನೆ ಆ ಕಂಪನಿಯ ಪಟ್ಟಿಯ ಒಂದು ನಂಬರು. ಆ ಪಟ್ಟಿಯಲ್ಲಿ ಹಿಂದೆ ಮುಂದೆ ಇದ್ದ ರೀಲುಗಳು ಬಹುತೇಕ ಹೋದವು, ಇದು ಉಳಿಯಿತು. ಮಾವ ಹೆಚ್ಚಾಗಿ ಹಾಕುತ್ತಿದ್ದದ್ದು ಊಟಿಯ 'ಇಂದು' ರೀಲು. ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಅಂತ ಸರ್ಕಾರಿ ಕಾರ್ಖಾನೆ ಅಲ್ಲಿತ್ತು, 1967ರಿಂದ ಫಿಲಂ ತಯಾರಿಸುತ್ತಿತ್ತು. ಈಗ ಅದೂ ಮುಚ್ಚಿದೆ. ನಾನು ಹಾಕುತ್ತಿರುವುದು ಇಲ್‌ಫೋರ್ಡ್ ಎಫ್‌ಪಿ4. ಇಂಗ್ಲೆಂಡಿನದು, ಕಪ್ಪು ಬಿಳುಪು. ಒಂದು ರೋಲಿಗೆ ಸಾವಿರ ರೂಪಾಯಿಯ ಮೇಲೆ ಕೊಟ್ಟಿದ್ದೇನೆ. ಹನ್ನೆರಡೇ ಫೋಟೊ. ಲೆಕ್ಕ ನೀವೇ ಹಾಕಿಕೊಳ್ಳಿ, ನಾನು ಹಾಕುವುದನ್ನು ಬಿಟ್ಟಿದ್ದೇನೆ.

ಇಷ್ಟು ದುಡ್ಡು ಯಾಕೆ ಅಂತ ಕೇಳುವವರಿಗೆ ಈ ಎರಡು ನೆಗೆಟಿವ್ ತೋರಿಸುತ್ತೇನೆ. ಎಡಗಡೆಯದು 35 ಎಂಎಂ. ಬಲಗಡೆಯದು ಇದರದ್ದು, ಹೆಸರಿಗೆ ಆರು ಸೆಂಟಿಮೀಟರ್, ಅಳೆದರೆ 56 ಮಿಲಿಮೀಟರ್ ಚೌಕ. ಮೂರೂವರೆ ಪಟ್ಟಿಗಿಂತ ಜಾಸ್ತಿ ಜಾಗ. ದೊಡ್ಡ ಪ್ರಿಂಟ್ ಹಾಕಿಸಿದರೂ ಕಾಳು ಕಾಳಾಗಿ ಒಡೆಯುವುದಿಲ್ಲ.

ಆದರೆ ಸ್ಟುಡಿಯೋದವರು ಇದನ್ನು ಬಿಡದೇ ಇದ್ದದ್ದಕ್ಕೆ ಇನ್ನೊಂದು ಕಾರಣ ಇತ್ತು. ಅದು ನನಗೆ ಮಾವ ಹೇಳುವ ತನಕ ಗೊತ್ತಿರಲಿಲ್ಲ. ಪೆನ್ಸಿಲ್. ಹೌದು, ಪೆನ್ಸಿಲ್. ಮುಖದ ಮೇಲೆ ಸಿಡುಬಿನ ಕಲೆ, ಮೊಡವೆ, ಕಣ್ಣಿನ ಕೆಳಗೆ ಕಪ್ಪು ಇದ್ದರೆ ನೆಗೆಟಿವ್‌ನಲ್ಲಿ ಆ ಜಾಗ ತೆಳ್ಳಗಾಗಿ, ಗಾಜಿನ ಹಾಗೆ ಕಾಣುತ್ತದೆ. ನೆಗೆಟಿವ್ ಮೇಲೆ ಒಂದು ದ್ರಾವಣ ಸವರಿ, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್‌ನಿಂದ ಆ ತೆಳ್ಳಗಿನ ಜಾಗವನ್ನು ಚುಕ್ಕೆ ಚುಕ್ಕೆಯಾಗಿ ತುಂಬುತ್ತಿದ್ದರು. ಪ್ರಿಂಟ್ ಹಾಕಿದಾಗ ಅಲ್ಲಿ ಬೆಳಕು ಕಡಿಮೆ ಹೋಗುತ್ತದೆ, ಕಲೆ ಮಾಯ. ಟಚಿಂಗ್ ಅಂತಿದ್ದರು. 35 ಎಂಎಂ ನೆಗೆಟಿವ್‌ನಲ್ಲಿ ಮುಖ ಕಡಲೆಕಾಳಿನಷ್ಟು ಇರುತ್ತದೆ, ಅದರ ಮೇಲೆ ಯಾರು ಪೆನ್ಸಿಲ್ ಆಡಿಸುತ್ತಾರೆ? ಇದರಲ್ಲಾದರೆ ಆಗುತ್ತದೆ. ಮಾವ ಹಗಲು ಫೋಟೊ ತೆಗೆದು, ರಾತ್ರಿ ಕೂತು ಟಚಿಂಗ್ ಮಾಡುತ್ತಿದ್ದರು. ಕುಮಟಾದ ಎಷ್ಟೋ ಮದುವೆ ಆ ಪೆನ್ಸಿಲ್‌ನಿಂದಲೇ ಕೂಡಿಬಂದದ್ದು ಅನ್ನುತ್ತಾರೆ. ಉತ್ಪ್ರೇಕ್ಷೆ ಇರಬಹುದು. ಪೂರ್ತಿ ಸುಳ್ಳು ಅಂತೂ ಅಲ್ಲ.

ಕ್ಯಾಮೆರಾ ನನ್ನ ಕೈಗೆ ಬಂದಾಗ ಮೇಲಿನ ಲೆನ್ಸಿನಲ್ಲಿ ಫಂಗಸ್ ಹಿಡಿದಿತ್ತು. ಜೇಡರ ಬಲೆಯ ಹಾಗೆ, ಅಂಚಿನಿಂದ ನಡುವಿನ ತನಕ. ಕರಾವಳಿಯ ಮಳೆಗಾಲ ಅಂದರೆ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಬರುತ್ತದೆ. ಸ್ಟುಡಿಯೋ ನಡೆಯುತ್ತಿದ್ದಾಗ ಮಾವ ಕಪಾಟಿನೊಳಗೆ ಯಾವಾಗಲೂ ಒಂದು ಸಣ್ಣ ಬಲ್ಬ್ ಉರಿಸಿಡುತ್ತಿದ್ದರು, ಆ ಬಿಸಿಗೆ ಥಂಡಿ ಹತ್ತುತ್ತಿರಲಿಲ್ಲ. ಸ್ಟುಡಿಯೋ ಮುಚ್ಚಿದ ಮೇಲೆ ಬಲ್ಬೂ ಆರಿತು.

ನಾನೇ ಬಿಚ್ಚಿ ಒರೆಸಿದೆ. ವಾಪಸ್ ತಿರುಗಿಸಿ ಕೂರಿಸಿದೆ. ಗಾಜು ಫಳಫಳ. ಭಾರಿ ಖುಷಿಯಿಂದ ಮೊದಲ ರೋಲು ಹೊಡೆದೆ. ತೊಳೆದು ನೋಡಿದರೆ ಹನ್ನೆರಡೂ ಮಸುಕು. ತಪ್ಪು ಪೂರ್ತಿ ನನ್ನದೇ. ಈ ಕ್ಯಾಮೆರಾದಲ್ಲಿ ಮೇಲಿನ ಲೆನ್ಸ್ ಎಷ್ಟು ಸುತ್ತು ಒಳಗೆ ಹೋಗಿದೆ ಅನ್ನುವುದರ ಮೇಲೆ ಫೋಕಸ್ ನಿಂತಿದೆ. ಮೇಲಿನದು ಮತ್ತು ಕೆಳಗಿನದು ಒಂದೇ ಮಾತು ಹೇಳಬೇಕು. ನಾನು ಅರ್ಧ ಸುತ್ತು ಕಡಿಮೆ ತಿರುಗಿಸಿದ್ದೆ. ನನ್ನ ಕಣ್ಣಿಗೆ ಎಲ್ಲವೂ ಸ್ಪಷ್ಟ, ರೀಲಿಗೆ ಎಲ್ಲವೂ ಮಬ್ಬು.

ಸರಿಮಾಡುವುದು ಹೇಗೆ ಅಂತ ಈಗ ತೋರಿಸುತ್ತಿದ್ದೇನೆ, ನಿಮ್ಮ ಹತ್ತಿರವೂ ಇಂಥ ಕ್ಯಾಮೆರಾ ಇದ್ದರೆ ಇದನ್ನು ಗಮನವಿಟ್ಟು ನೋಡಿ. ಹಿಂದಿನ ಬಾಗಿಲು ತೆರೆದು, ರೀಲು ಹಾಯುವ ಜಾಗದಲ್ಲಿ, ಅದೇ ಹಳಿಗಳ ಮೇಲೆ ಒಂದು ಮಬ್ಬು ಗಾಜಿನ ತುಂಡು ಇಡಬೇಕು. ಶಟರನ್ನು 'ಬಿ'ಗೆ ಇಟ್ಟು ಒತ್ತಿ ಹಿಡಿಯಬೇಕು, ಒತ್ತಿರುವಷ್ಟು ಹೊತ್ತೂ ಅದು ತೆರೆದೇ ಇರುತ್ತದೆ. ದೂರದ ಮೊಬೈಲ್ ಟವರ್ ಆ ಗಾಜಿನ ಮೇಲೆ ಸ್ಪಷ್ಟವಾಗುವ ತನಕ ಫೋಕಸ್ ತಿರುಗಿಸಿ. ಆಮೇಲೆ ಆ ಫೋಕಸ್ ಗುಂಡಿ ಮುಟ್ಟಬೇಡಿ, ಮೇಲಿನ ಲೆನ್ಸ್ ಮಾತ್ರ ತಿರುಗಿಸಿ. ಮೇಲಿನ ಗಾಜಿನಲ್ಲೂ ಅದೇ ಟವರ್ ಅಷ್ಟೇ ಸ್ಪಷ್ಟವಾದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ನನಗೆ ಎರಡು ಸಂಜೆ ಹಿಡಿಯಿತು.

ಈಗ ನಾವು ಹೊರಟಿರುವುದು ಸಾಣಿಕಟ್ಟೆಗೆ. ಕುಮಟಾದಿಂದ ಮಿರ್ಜಾನ್, ಹಿರೇಗುತ್ತಿ ದಾಟಿ, ಮಾದನಗೇರಿಯಲ್ಲಿ ಗೋಕರ್ಣದ ಕಡೆ ತಿರುಗಿದರೆ ರಸ್ತೆಯ ಪಕ್ಕದಲ್ಲೇ ಆಗರ. ಭರತದ ಸಮಯದಲ್ಲಿ ಉಪ್ಪುನೀರು ಒಳಗೆ ಬಿಟ್ಟುಕೊಂಡು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಗದ್ದೆಯಲ್ಲಿ ಹರಳು ಕಟ್ಟುತ್ತದೆ. ಅದನ್ನು ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಮಳೆ ಬಿದ್ದ ದಿನ ಕೆಲಸ ಬಂದ್.

ಇಲ್ಲಿ ನನ್ನ ಎರಡನೇ ರೋಲು ಹಾಳಾಗಿತ್ತು. ಈ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಇಲ್ಲ. ಫೋನಿನ ಆ್ಯಪ್ ಹಿಡಿದು ಉಪ್ಪಿನ ಕಡೆ ತೋರಿಸಿದೆ, ಅದು ಹೇಳಿದ ಹಾಗೆ ತೆಗೆದೆ. ಮೀಟರಿಗೆ ಪಾಪ, ಉಪ್ಪು ಬಿಳಿ ಅಂತ ಹೇಗೆ ಗೊತ್ತು? ಅದು ಎಲ್ಲವನ್ನೂ ಬೂದು ಬಣ್ಣಕ್ಕೆ ಎಳೆಯುತ್ತದೆ. ಉಪ್ಪು ಸಿಮೆಂಟಿನ ಹಾಗೆ ಬಂತು, ಮನುಷ್ಯರ ಮುಖ ಇದ್ದಿಲಿನ ಹಾಗೆ. ಮಾವನಿಗೆ ತೋರಿಸಿದೆ. "ಕೂಸೇ, ಉಪ್ಪನ್ನು ಯಾಕೆ ಅಳೆದೆ? ನಿನ್ನ ಅಂಗೈ ಇಲ್ವಾ?" ಅಂದರು. ಎದುರಿಗಿರುವವರ ಮೇಲೆ ಬೀಳುವ ಬಿಸಿಲಿನಲ್ಲೇ ಅಂಗೈ ಹಿಡಿದು ಅಳೆಯಬೇಕು. ಅಂಗೈ ಆ ಬೂದು ಬಣ್ಣಕ್ಕಿಂತ ಸ್ವಲ್ಪ ಬಿಳಿ, ಅದಕ್ಕೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು ಬರುವ ಹಾಗೆ, ಜಾಸ್ತಿ ತೆರೆಯಬೇಕು. ಅಂಗೈ ಎಲ್ಲಿಗೆ ಹೋದರೂ ಜೊತೆಗೇ ಇರುತ್ತದೆ, ಬ್ಯಾಟರಿ ಬೇಡ.

ಅದಕ್ಕೇ ಈ ಸಲ ಬೆಳಿಗ್ಗೆ ಎಂಟು ಗಂಟೆಗೇ ಬಂದಿದ್ದೇನೆ. ಬಿಸಿಲು ಪಕ್ಕದಿಂದ ಬರುತ್ತಿದೆ. ರೀಲು ಹಾಕುವುದನ್ನು ನೋಡಿ. ಡಬ್ಬಿ ಇಲ್ಲ, ಬರೀ ಕಾಗದ ಸುತ್ತಿದ ಉರುಳೆ. ಕೆಳಗಿನಿಂದ ಮೇಲಕ್ಕೆ ಎಳೆದು, ಖಾಲಿ ಉರುಳೆಯ ಸೀಳಿಗೆ ಸಿಕ್ಕಿಸಿ, ಕಾಗದದ ಮೇಲಿನ ಬಾಣ ಈ ಗುರುತಿಗೆ ಬರುವ ತನಕ ತಿರುಗಿಸಿ, ಬಾಗಿಲು ಮುಚ್ಚಬೇಕು. ಇವತ್ತು ಖಾಲಿಯಾದ ಉರುಳೆ ಮುಂದಿನ ರೀಲಿಗೆ ಬೇಕು, ಎಸೆಯಬಾರದು. ಒಮ್ಮೆ ಅಮ್ಮ ಕಸ ಅಂತ ಎಸೆದಿದ್ದರು. ಕಸದ ಬುಟ್ಟಿಗೆ ಕೈ ಹಾಕಿ ಹುಡುಕಿದ್ದೇನೆ.

ಮೊದಲ ಏಳು ಫೋಟೊ ಬರೀ ಉಪ್ಪು, ನೀರು, ಆಕಾಶ. ಒಂದರಲ್ಲಿ ಶಟರ್ ಎಳೆದು ಒತ್ತಿ, ರೀಲು ತಿರುಗಿಸುವುದನ್ನು ಮರೆತು ಮತ್ತೆ ಒತ್ತಿದೆ. ಈ ಕ್ಯಾಮೆರಾ ತಡೆಯುವುದಿಲ್ಲ, ಎರಡು ಫೋಟೊ ಒಂದರ ಮೇಲೊಂದು ಬೀಳುತ್ತವೆ. ಬೇಕೆಂದೇ ಮಾಡಿದ್ದು ಅಂತ ಹೇಳಬಹುದಿತ್ತು. ಬೇಡ.

ಎಂಟನೆಯದು ಇವರದು. ರಾಶಿ ಹಾಕುತ್ತಿದ್ದವರು ಕೆಲಸ ನಿಲ್ಲಿಸಿ ಬಂದು, "ಎಂತದು ಇದು ಪೆಟ್ಟಿಗೆ?" ಅಂದರು. ಹಳೇ ಕ್ಯಾಮೆರಾ ಅಮ್ಮಾ ಅಂದೆ. ಮೇಲಿನ ಗಾಜಿನಲ್ಲಿ ನೋಡಲು ಕೊಟ್ಟೆ. ನೋಡಿ ನಕ್ಕರು. ಆಮೇಲೆ ತಾವಾಗಿಯೇ ಸೆರಗು ಸರಿಮಾಡಿಕೊಂಡು, ಕೈ ಎರಡೂ ಇಳಿಬಿಟ್ಟು, ನೆಟ್ಟಗೆ ನಿಂತರು. ಸ್ಟುಡಿಯೋದಲ್ಲಿ ಪರದೆ ಮುಂದೆ ನಿಲ್ಲುತ್ತಾರಲ್ಲ, ಹಾಗೆ. ನಾನು ತಲೆ ಬಗ್ಗಿಸಿ ಫೋಕಸ್ ಮಾಡುತ್ತಿದ್ದೆ. ಫೋನ್ ಎತ್ತಿದರೆ ಕೈ ಅಡ್ಡ ಹಿಡಿಯುವ ಜನ ಇದರ ಮುಂದೆ ಯಾಕೋ ಹೀಗೆ ನಿಲ್ಲುತ್ತಾರೆ. ಅಂಗೈ ಅಳೆದೆ. ಲೆನ್ಸಿನ ಬಾಯಿ ಎಫ್ 11, ಶಟರ್ ಸೆಕೆಂಡಿನ 125ನೇ ಒಂದು ಭಾಗ. ಟಿಕ್.

"ತೋರ್ಸು ತಂಗೀ."

ತೋರಿಸಲು ಏನೂ ಇಲ್ಲ. ರೀಲು ತೊಳೀಬೇಕು ಅಮ್ಮಾ, ಪ್ರಿಂಟ್ ಮಾಡಿಸಿ ತಂದುಕೊಡುತ್ತೇನೆ ಅಂದೆ. ಅವರಿಗೆ ಆಶ್ಚರ್ಯ ಆಗಲಿಲ್ಲ. "ಹೌದು, ಮೊದಲೆಲ್ಲ ಹಾಗೇ ಅಲ್ದಾ. ಮಳೆ ಹಿಡಿಯೂಕಿಂತ ಮುಂಚೆ ತಕಬಾ" ಅಂದರು.

ತೊಳೆಯುವ ಭಾಗ ಬೇಗ ಓಡಿಸುತ್ತೇನೆ, ವಿಡಿಯೋದಲ್ಲಿ ನೋಡಲು ಏನೂ ಇಲ್ಲ, ಎಲ್ಲ ಕತ್ತಲೆ. ಕಪ್ಪು ಚೀಲದೊಳಗೆ ಕೈ ಹಾಕಿ, ಕಾಗದ ಬಿಡಿಸಿ, ಫಿಲಂ ಅನ್ನು ಸುರುಳಿಗೆ ಸುತ್ತಬೇಕು. ಏಪ್ರಿಲ್ ಸೆಕೆಯಲ್ಲಿ ಎರಡೇ ನಿಮಿಷಕ್ಕೆ ಕೈ ಬೆವರಿ ಫಿಲಂ ಅಂಟುತ್ತದೆ. ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, 20 ಡಿಗ್ರಿಯಲ್ಲಿರಬೇಕು, ನಮ್ಮ ನಲ್ಲಿ ನೀರು 28. ಐಸ್ ತುಂಡು ಹಾಕಿದ ಟಬ್ಬಿನಲ್ಲಿ ಬಾಟಲಿ ನಿಲ್ಲಿಸಿ ತಣಿಸಿದೆ. ಐಡಿ-11 ಅನ್ನುವ ಡೆವಲಪರ್, ಅಷ್ಟೇ ನೀರು ಬೆರೆಸಿ, 11 ನಿಮಿಷ. ಆಮೇಲೆ ಚಿತ್ರ ಅಳಿಯದ ಹಾಗೆ ನಿಲ್ಲಿಸುವ ಹೈಪೋ, ಆಮೇಲೆ ಚೆನ್ನಾಗಿ ತೊಳೆದು ಬಚ್ಚಲಿನಲ್ಲಿ ಒಣಗಲು ತೂಗುಹಾಕಿದೆ.

ಎಂಟನೆಯದು ಬಂದಿತ್ತು. ನೋಡಿ. ಹಿಂದೆ ಉಪ್ಪಿನ ರಾಶಿ, ಮುಖದ ಮೇಲೆ ಪಕ್ಕದ ಬಿಸಿಲು, ಹಣೆಯ ಒಂದೊಂದು ಗೆರೆಯೂ ಎಣಿಸುವ ಹಾಗೆ. ನನಗೆ ಕುಣಿಯುವುದೊಂದು ಬಾಕಿ. ಮಾವ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಫೋಕಸ್ ಕಣ್ಣಿಗೇ ಬಿದ್ದಿದೆ" ಅಂದರು. ಅವರ ಬಾಯಲ್ಲಿ ಇದು ದೊಡ್ಡ ಮಾತು. ಆಮೇಲೆ ಮೇಜಿನ ಡ್ರಾಯರ್ ಎಳೆದರು. "ನೆರಿಗೆ ಸ್ವಲ್ಪ ತೆಗೀಲಾ?"

ಬೇಡ ಮಾವ ಅಂದೆ. ಆ ಗೆರೆಗಳೇ ಅಲ್ವಾ ಇಡೀ ಫೋಟೊ, ಇಷ್ಟು ವರ್ಷದ ಬಿಸಿಲು ಅದರಲ್ಲೇ ಇದೆ ಅಂತ ಏನೇನೋ ಹೇಳಿದೆ. ಮಾವ ಡ್ರಾಯರ್ ಮುಚ್ಚಿದರು. "ಆಯ್ತು, ನಿನ್ನ ಫೋಟೊ" ಅಂದರು.

ಬೆಂಗಳೂರಿನಲ್ಲಿ ಗೆಳತಿಯೊಬ್ಬಳ ಹತ್ತಿರ ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಹಾಕುವ ಎನ್‌ಲಾರ್ಜರ್ ಇದೆ. ಅಲ್ಲಿ ಎಂಟು ಇಂಚಿನ ಚೌಕ ಪ್ರಿಂಟ್ ಹಾಕಿದೆವು. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಅದನ್ನು ಹಿಡಿದುಕೊಂಡು ಮತ್ತೆ ಆಗರಕ್ಕೆ ಹೋದೆ. ಅವರು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಅಂಚಿನಲ್ಲಿ ಮಾತ್ರ ಹಿಡಿದು ನೋಡಿದರು. ಪಕ್ಕದವರೆಲ್ಲ ಬಂದು ಇಣುಕಿದರು. ಕಿವಿಯ ಓಲೆ ಕಾಣುತ್ತದೆ ಅಂತ ಒಬ್ಬರು. ಬಣ್ಣ ಯಾಕಿಲ್ಲ ಅಂತ ಇನ್ನೊಬ್ಬರು.

"ಚಂದ ಬಂದದೆ ತಂಗೀ" ಅಂದರು ಅವರು. ಆಮೇಲೆ ಫೋಟೊದ ಹಣೆಯ ಮೇಲೆ, ಮುಟ್ಟದ ಹಾಗೆ, ಬೆರಳು ಆಡಿಸಿದರು. "ಈ ಗೆರೆ ಎಲ್ಲ ತೆಗ್ಯೂಕೆ ಆಗ್ತಿರ್ಲಿಲ್ವಾ? ಗೋಡೆಗೆ ಹಾಕೂದಲ್ದಾ."

ಈಗ ನೀವು ನೋಡುತ್ತಿರುವುದು ಮಾವನ ಮೇಜು. ಓರೆಯಾಗಿ ನಿಲ್ಲಿಸಿದ ಗಾಜು, ಕೆಳಗೆ ಕನ್ನಡಿ, ಕಿಟಕಿಯ ಬೆಳಕು. ನೆಗೆಟಿವ್ ಅದರ ಮೇಲಿದೆ. ನಾನು ಏನೂ ಹೇಳಲಿಲ್ಲ, ಅವರೂ ಏನೂ ಕೇಳಲಿಲ್ಲ. ಮರಳು ಕಾಗದದ ಮೇಲೆ ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ. ಆ ಸದ್ದು ಮೈಕಿಗೆ ಸಿಕ್ಕಿದೆಯಾ, ಗೊತ್ತಿಲ್ಲ. ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಿ ಕೇಳಿ.