ಬೋರ್ಡ್ ಬಿಡಿ, ಆಟ ನೋಡಿ

ಹಾಸನ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ. ಮುದ್ದೆಗೆ ಎಸರಿಟ್ಟು ರೇಡಿಯೋ ಹಾಕಿಕೊಂಡಿರುವ ಅಕ್ಕಂದಿರಿಗೆ, ಬೇಲೂರು ರಸ್ತೆಯಲ್ಲಿ ಗಾಡಿ ಓಡಿಸುತ್ತಿರುವ ಡ್ರೈವರ್ ಅಣ್ಣಂದಿರಿಗೆ, ಸಕಲೇಶಪುರದ ಕಡೆ ತೋಟದ ಕೆಲಸ ಮುಗಿಸಿ ಕೂತವರಿಗೆ, ಮುಖ್ಯವಾಗಿ ಹಾಸ್ಟೆಲಿನಲ್ಲಿ ಇಯರ್‌ಫೋನ್ ಹಾಕಿಕೊಂಡಿರುವ ಹುಡುಗ ಹುಡುಗಿಯರಿಗೆ. ನಾನು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಇವತ್ತು ರಗ್ಬಿ ವಿಶ್ವಕಪ್ಪಿನ ಅಭಿಮಾನಿಗಳ ಬಗ್ಗೆ ಮಾತಾಡಲು ಬಂದಿದ್ದೇನೆ. ತಮ್ಮ ದೇಶದ ತಂಡ ಗೆದ್ದಾಗ, ಸೋತಾಗ ಅವರು ಹೇಗೆ ಇರುತ್ತಾರೆ ಅನ್ನೋದು ವಿಷಯ. ಸ್ಕೋರ್ ಬೋರ್ಡಿನ ಬಗ್ಗೆ ಹೇಳಬೇಕಾದ ಮಾತು ಒಂದೇ. ಬೋರ್ಡ್ ಬಿಡಿ, ಆಟ ನೋಡಿ.

ರಗ್ಬಿ ಗೊತ್ತಿಲ್ಲದವರು ಹೆದರಬೇಡಿ, ಎರಡು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಒಂದು ಕಡೆಗೆ ಹದಿನೈದು ಜನ. 80 ನಿಮಿಷದ ಆಟ. ಮೊಟ್ಟೆ ಆಕಾರದ ಚೆಂಡು. ಅದನ್ನು ಎತ್ತಿಕೊಂಡು ಓಡಿ ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದರೆ ಟ್ರೈ, ಐದು ಪಾಯಿಂಟ್. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಎದುರಾಳಿ ತಪ್ಪು ಮಾಡಿದರೆ ಪೆನಾಲ್ಟಿ, ಒದ್ದು ಕಂಬದ ನಡುವೆ ಹಾಕಿದರೆ ಮೂರು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೇ ಎಸೆಯಬೇಕು. ಓಡುವವನನ್ನು ಕಬಡ್ಡಿಯಲ್ಲಿ ಹಿಡಿದ ಹಾಗೆ ಸೊಂಟಕ್ಕೆ ಕೈ ಹಾಕಿ ಕೆಡವಬಹುದು. ಕೊನೆಯದೊಂದು ನೆನಪಿರಲಿ. 80 ನಿಮಿಷ ಆದ ಕೂಡಲೇ ಆಟ ನಿಲ್ಲುವುದಿಲ್ಲ. ಚೆಂಡು ಆಟದಲ್ಲಿ ಇರುವ ತನಕ ಆಟ ನಡೆಯುತ್ತಲೇ ಇರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಈಗ ನಮ್ಮ ಜಿಲ್ಲೆಯ ಮಾತು ಹೇಳಿ ಮುಂದೆ ಹೋಗುತ್ತೇನೆ. 2003ರ ಮಾರ್ಚ್ 23, ಭಾನುವಾರ. ಜೋಹಾನ್ಸ್‌ಬರ್ಗಿನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್. ಅರಸೀಕೆರೆ ತಾಲ್ಲೂಕಿನ ಒಂದು ಊರಿನ ಹೆಸರನ್ನು ಜಗತ್ತಿನ ಬಾಯಲ್ಲಿ ಹೇಳಿಸಿದ ಜಾವಗಲ್ ಶ್ರೀನಾಥ್ ಅವತ್ತು ಹತ್ತು ಓವರಿಗೆ 87 ರನ್ ಕೊಟ್ಟರು, ವಿಕೆಟ್ ಸಿಗಲಿಲ್ಲ. ಆಸ್ಟ್ರೇಲಿಯಾ 359 ಹೊಡೆಯಿತು, ನಾವು 125 ರನ್ನಿನಿಂದ ಸೋತೆವು. ಆ ರಾತ್ರಿ, ಮಾರನೇ ದಿನ, ಹಾಸನದ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತಾ ಜನ ಏನು ಮಾತಾಡಿದರು ಅಂತ ನಾನು ಕಿವಿಯಾರೆ ಕೇಳಿದ್ದೇನೆ. ಹೇಳಲು ಬೇಸರ. ಅದೇ ಟೂರ್ನಿಯಲ್ಲಿ ಅವರು 16 ವಿಕೆಟ್ ತೆಗೆದಿದ್ದರು. ಒಂದು ದಿನದ ಪಂದ್ಯಗಳಲ್ಲಿ ಒಟ್ಟು 315 ವಿಕೆಟ್. ಅದು ಅವರ ಕೊನೆಯ ಪಂದ್ಯ. ಎದ್ದು ನಿಂತು ಚಪ್ಪಾಳೆ ತಟ್ಟಬೇಕಾಗಿದ್ದ ಊರು ಬೈದುಕೊಂಡು ಮಲಗಿತು. ಯಾಕೆ? ಬೋರ್ಡ್ ನೋಡಿದ್ದಕ್ಕೆ. ಆಟ ನೋಡಿದ್ದರೆ ಹಾಗೆ ಮಾತಾಡುತ್ತಿರಲಿಲ್ಲ.

ಈಗ ರಗ್ಬಿಗೆ ಬರೋಣ. ನನಗೆ ಪ್ರಾಣವಾದ ಒಂದು ಪಂದ್ಯ ಇದೆ. ಅದನ್ನು ಪೂರ್ತಿ ಹೇಳದೆ ನಾನು ಏಳುವುದಿಲ್ಲ.

2015ರ ಸೆಪ್ಟೆಂಬರ್ 19. ಇಂಗ್ಲೆಂಡಿನ ಸಮುದ್ರದ ದಡದ ಊರು ಬ್ರೈಟನ್. ಒಂದು ಕಡೆ ದಕ್ಷಿಣ ಆಫ್ರಿಕಾ, ಆಗಲೇ ಎರಡು ಸಲ ವಿಶ್ವಕಪ್ ಗೆದ್ದ ತಂಡ. ಆಳುಗಳು ಒಬ್ಬೊಬ್ಬರೂ ಬಂಡೆ. ಇನ್ನೊಂದು ಕಡೆ ಜಪಾನ್. ಅಲ್ಲಿಯವರೆಗೆ ಎಲ್ಲ ವಿಶ್ವಕಪ್ಪುಗಳನ್ನೂ ಸೇರಿಸಿ ಜಪಾನ್ ಗೆದ್ದಿದ್ದು ಒಂದೇ ಪಂದ್ಯ, 1991ರಲ್ಲಿ ಜಿಂಬಾಬ್ವೆ ಮೇಲೆ. 1995ರಲ್ಲಿ ನ್ಯೂಜಿಲೆಂಡ್ ಇದೇ ಜಪಾನಿಗೆ 145 ಪಾಯಿಂಟ್ ಬಾರಿಸಿತ್ತು. ನೂರಾ ನಲವತ್ತೈದು! ಅಂಥ ತಂಡದ ಅಭಿಮಾನಿಗಳು ಕೆಂಪು ಬಿಳಿ ಪಟ್ಟೆ ಅಂಗಿ ಹಾಕಿಕೊಂಡು, ಸಮುದ್ರ ದಾಟಿಕೊಂಡು ಅಷ್ಟು ದೂರ ಬಂದು ಕೂತಿದ್ದರು. ಬರೀ ಬೋರ್ಡ್ ನೋಡುವವರಾಗಿದ್ದರೆ ಅವರು ಬರುತ್ತಿದ್ದರೇ?

ಆಟ ಶುರುವಾಯಿತು. ದಕ್ಷಿಣ ಆಫ್ರಿಕಾ ಹೊಡೆದರೆ ಜಪಾನೂ ಹೊಡೆಯುತ್ತದೆ. ಜಪಾನಿನ ಆಳುಗಳು ಗಾತ್ರದಲ್ಲಿ ಸಣ್ಣವರು. ಅವರು ಕಾಲಿಗೇ ಕೈ ಹಾಕಿ ಕೆಡವುತ್ತಾರೆ. ಬಿದ್ದ ಕೂಡಲೇ ಎದ್ದು ಮತ್ತೆ ಸಾಲಿಗೆ ಬರುತ್ತಾರೆ. ಹಿಂದೆ ನಿಂತು ಒದೆಯುವ ಗೊರೊಮಾರು ಒಬ್ಬರೇ 24 ಪಾಯಿಂಟ್ ತಂದರು. ಪಂದ್ಯ ಮುಗಿಯಲು ಸುಮಾರು ಹತ್ತು ನಿಮಿಷ ಇರುವಾಗ ಎರಡೂ ಕಡೆ 29. ಆಮೇಲೆ ದಕ್ಷಿಣ ಆಫ್ರಿಕಾ ಒಂದು ಪೆನಾಲ್ಟಿ ಹೊಡೆದು 32 ಮಾಡಿತು.

ಇಲ್ಲಿ ಕೇಳಿ. ಸಮಯ ಮುಗಿಯುತ್ತಾ ಬಂತು. ಎದುರಾಳಿ ಗೆರೆಯ ಹತ್ತಿರವೇ ಜಪಾನಿಗೆ ಪೆನಾಲ್ಟಿ ಸಿಕ್ಕಿತು. ಒದ್ದರೆ ಮೂರು ಪಾಯಿಂಟ್, 32-32, ಪಂದ್ಯ ಡ್ರಾ. ದಕ್ಷಿಣ ಆಫ್ರಿಕಾದ ಜೊತೆ ಡ್ರಾ ಅಂದರೆ ಜಪಾನಿಗೆ ಹಬ್ಬ. ಕೋಚ್ ಎಡ್ಡಿ ಜೋನ್ಸ್ ಮೇಲಿನಿಂದ ಒದೆಯಿರಿ ಅಂತಲೇ ಕೂಗಿದರು. ಮೈದಾನದಲ್ಲಿದ್ದ ಕ್ಯಾಪ್ಟನ್ ಮೈಕಲ್ ಲೀಚ್ ಕೇಳಲಿಲ್ಲ. ಸ್ಕ್ರಮ್ ಬೇಕು ಅಂದುಬಿಟ್ಟರು. ಸ್ಕ್ರಮ್ ಅಂದರೆ ಎರಡೂ ಕಡೆಯ ಎಂಟೆಂಟು ಆಳು ತಲೆ ಬಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ಒತ್ತುವುದು. ಡ್ರಾ ಬೇಡ, ಗೆಲ್ಲಲು ಆಡುತ್ತೇವೆ ಅಂತ ಅದರ ಅರ್ಥ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಜಪಾನಿನವರಲ್ಲದ ಜನವೂ ‘ಜಪಾನ್, ಜಪಾನ್’ ಅಂತ ಕೂಗತೊಡಗಿದರು.

80 ನಿಮಿಷ ದಾಟಿತು. ಚೆಂಡು ಇನ್ನೂ ಆಟದಲ್ಲಿದೆ. ಬಲಕ್ಕೆ ಹೋಯಿತು, ತಡೆದರು. ಎದ್ದು ಮತ್ತೆ ನುಗ್ಗಿದರು, ತಡೆದರು. ಚೆಂಡು ಒಂದು ಸಲ ಕೈ ಜಾರಿದರೆ ಕಥೆ ಮುಗಿಯಿತು. ಅಲ್ಲಿಂದ ಮೈದಾನದ ಆ ತುದಿಗೆ, ಎಡಕ್ಕೆ ತಂದರು. ಮಾಫಿ ಅನ್ನುವ ಆಟಗಾರ ಒಬ್ಬನನ್ನು ಕೈಯಲ್ಲಿ ದೂಡಿ, ಮೂಲೆಯಲ್ಲಿದ್ದ ಕಾರ್ನ್ ಹೆಸ್ಕೆತ್‌ಗೆ ಚೆಂಡು ಕೊಟ್ಟರು. ಹೆಸ್ಕೆತ್ ಸ್ವಲ್ಪ ಹೊತ್ತಿನ ಹಿಂದಷ್ಟೇ ಬದಲಿಯಾಗಿ ಒಳಗೆ ಬಂದವರು. ಅಡ್ಡ ಬಂದವನನ್ನು ಎಳೆದುಕೊಂಡೇ ಮೂಲೆಗೆ ಹಾರಿ ಚೆಂಡು ನೆಲಕ್ಕೆ ಮುಟ್ಟಿಸಿದರು. 34-32. ಜಪಾನ್ ಗೆದ್ದಿತು.

ಆ ವಿಡಿಯೋದಲ್ಲಿ ನಾನು ನೋಡುವುದು ಆಟಗಾರರನ್ನಲ್ಲ, ಗ್ಯಾಲರಿಯನ್ನು. ಜಪಾನಿನವರು ಅಳುತ್ತಿದ್ದಾರೆ, ಗಂಡಸರೂ ಅಳುತ್ತಿದ್ದಾರೆ. ಪಕ್ಕದಲ್ಲೇ ಹಸಿರು ಅಂಗಿಯ ದಕ್ಷಿಣ ಆಫ್ರಿಕಾದವರು ತಲೆ ಮೇಲೆ ಕೈ ಹೊತ್ತು ನಿಂತಿದ್ದಾರೆ. ಪಕ್ಕದಲ್ಲೇ ಅಂದೆ, ಗಮನಿಸಿದಿರಾ? ರಗ್ಬಿಯಲ್ಲಿ ಎರಡು ಕಡೆಯ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುವ ಪದ್ಧತಿ ಇಲ್ಲ. ಒಟ್ಟಿಗೆ ಕೂರುತ್ತಾರೆ. ಸೋತವರು ಗೆದ್ದವರ ಕೈ ಕುಲುಕಿ, ಚಪ್ಪಾಳೆ ತಟ್ಟಿ ಹೋದರು. ಅಷ್ಟು ದೊಡ್ಡ ಸೋಲು, ಆದರೂ ಕಣ್ಣೆದುರು ನಡೆದದ್ದು ಎಂಥ ಆಟ ಅಂತ ಅವರಿಗೆ ಗೊತ್ತಿತ್ತು. ದಕ್ಷಿಣ ಆಫ್ರಿಕಾದ ಕೋಚ್ ತಮ್ಮ ದೇಶದ ಕ್ಷಮೆ ಕೇಳಿದರು. ಆದರೆ ಅದೇ ತಂಡ ಆ ಟೂರ್ನಿಯಲ್ಲಿ ಮೂರನೇ ಸ್ಥಾನಕ್ಕೆ ಬಂತು. 2019ರಲ್ಲಿ ಕಪ್ ಗೆದ್ದಿತು, 2023ರಲ್ಲಿ ಮತ್ತೆ ಗೆದ್ದಿತು.

ಸರಿ, ಜಪಾನಿನ ಕಥೆ ಎಲ್ಲರಿಗೂ ಇಷ್ಟ. ಒಂದೇ ವಾರದ ನಂತರ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಸೆಪ್ಟೆಂಬರ್ 26. ಲಂಡನ್ನಿನ ಟ್ವಿಕನಮ್ ಕ್ರೀಡಾಂಗಣ. ಇಂಗ್ಲೆಂಡ್ ಆತಿಥೇಯ ದೇಶ, ಎದುರಿಗೆ ವೇಲ್ಸ್. ಕೊನೆಯ ನಿಮಿಷಗಳಲ್ಲಿ ವೇಲ್ಸ್ 28, ಇಂಗ್ಲೆಂಡ್ 25. ಇಂಗ್ಲೆಂಡಿಗೆ ಪೆನಾಲ್ಟಿ. ಒದ್ದು ಕಂಬದ ನಡುವೆ ಹಾಕಿದರೆ ಡ್ರಾ. ಕ್ಯಾಪ್ಟನ್ ಕ್ರಿಸ್ ರಾಬ್‌ಶಾ ಏನು ಮಾಡಿದರು? ಲೀಚ್ ಮಾಡಿದ್ದನ್ನೇ ಮಾಡಿದರು. ಡ್ರಾ ಬೇಡ, ಗೆಲ್ಲೋಣ ಅಂದರು. ಚೆಂಡನ್ನು ಮೂಲೆಗೆ ಒದ್ದು ಟ್ರೈಗೆ ನುಗ್ಗಿದರು. ವೇಲ್ಸ್‌ನವರು ಅವರನ್ನು ಗುಂಪಾಗಿ ಮೈದಾನದ ಪಕ್ಕದ ಗೆರೆಯಾಚೆ, ಆಟದಿಂದ ಹೊರಕ್ಕೆ ನೂಕಿಬಿಟ್ಟರು. ಇಂಗ್ಲೆಂಡ್ ಸೋತಿತು. ಮುಂದಿನ ವಾರ ಆಸ್ಟ್ರೇಲಿಯಾಕ್ಕೂ ಸೋತು, ಆತಿಥೇಯ ತಂಡವಾಗಿದ್ದೂ ಮೊದಲ ಸುತ್ತಿನಲ್ಲೇ ಹೊರಬಿತ್ತು.

ಲೀಚ್ ಜಪಾನಿನಲ್ಲಿ ದೊಡ್ಡ ವೀರ. ರಾಬ್‌ಶಾಗೆ ಇಂಗ್ಲೆಂಡಿನಲ್ಲಿ ಬೈಗುಳದ ಸುರಿಮಳೆ. ಎರಡೂ ಒಂದೇ ತೀರ್ಮಾನ ಅಲ್ವಾ? ಒಂದೇ ಧೈರ್ಯ ಅಲ್ವಾ? ಬೇರೆ ಆಗಿದ್ದು ಬೋರ್ಡಿನ ಮೇಲಿನ ಅಂಕಿ ಮಾತ್ರ. ಮಕ್ಕಳೇ, ಹಾಸ್ಟೆಲಿನಲ್ಲಿ ಕೂತವರೇ, ನಾನು ಇದನ್ನೇ ಎಷ್ಟು ಸಲ ಹೇಳಲಿ! ಗೆದ್ದರೆ ಧೈರ್ಯ, ಸೋತರೆ ಮೂರ್ಖತನ ಅನ್ನುವುದಾದರೆ ನೀವು ಆಟ ನೋಡಿಯೇ ಇಲ್ಲ.

ಆ ಜಪಾನಿನ ಕೋಚ್ ಎಡ್ಡಿ ಜೋನ್ಸ್ ಅವರನ್ನೇ ಇಂಗ್ಲೆಂಡ್ ಕರೆದುಕೊಂಡಿತು. ಅವರು ರಾಬ್‌ಶಾರನ್ನು ಕ್ಯಾಪ್ಟನ್ ಸ್ಥಾನದಿಂದ ಇಳಿಸಿದರು, ಆದರೆ ತಂಡದಿಂದ ತೆಗೆಯಲಿಲ್ಲ. 2016ರಲ್ಲಿ ಯುರೋಪಿನ ಆರು ದೇಶಗಳು ಆಡುವ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಇಂಗ್ಲೆಂಡ್ ಐದಕ್ಕೆ ಐದೂ ಪಂದ್ಯ ಗೆದ್ದಿತು, ರಾಬ್‌ಶಾ ಆ ತಂಡದಲ್ಲಿದ್ದರು. ಬೈದ ಜನವೇ ಕುಣಿದರು. ಅದೇ ಎಡ್ಡಿ ಜೋನ್ಸ್ 2023ರಲ್ಲಿ ಆಸ್ಟ್ರೇಲಿಯಾದ ಕೋಚ್ ಆಗಿದ್ದರು. ಫಿಜಿಗೆ ಸೋತು, ವೇಲ್ಸ್‌ಗೆ 40-6ರಲ್ಲಿ ಸೋತು ಆಸ್ಟ್ರೇಲಿಯಾ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಪರದೆಯ ಮೇಲೆ ಅವರ ಮುಖ ಕಂಡರೆ ಜನ ಕಿರುಚಿ ಛೀಮಾರಿ ಹಾಕಿದರು. ಮುಂದಿನ ವರ್ಷ ಅವರು ಮತ್ತೆ ಜಪಾನಿಗೆ ಹೋದರು.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

2023ರಲ್ಲಿ ವಿಶ್ವಕಪ್ ಫ್ರಾನ್ಸಿನಲ್ಲಿ ನಡೆಯಿತು. ದೊಡ್ಡ ಪಂದ್ಯಗಳು ಶುರುವಾಗುವಾಗ ನಮ್ಮಲ್ಲಿ ರಾತ್ರಿ ಹನ್ನೆರಡೂವರೆ. ದಕ್ಷಿಣ ಆಫ್ರಿಕಾ ಕ್ವಾರ್ಟರ್ ಫೈನಲಿನಲ್ಲಿ ಫ್ರಾನ್ಸನ್ನು 29-28, ಸೆಮಿಯಲ್ಲಿ ಇಂಗ್ಲೆಂಡನ್ನು 16-15, ಫೈನಲಿನಲ್ಲಿ ನ್ಯೂಜಿಲೆಂಡನ್ನು 12-11. ಮೂರೂ ಒಂದೊಂದೇ ಪಾಯಿಂಟಿನಲ್ಲಿ! ಫ್ರಾನ್ಸ್ ವಿರುದ್ಧ ಚೆಸ್ಲಿನ್ ಕೋಲ್ಬಿ ಅನ್ನುವ ಸಣ್ಣ ಆಳು ಓಡಿ ಬಂದು, ಒದೆಯುವವನ ಕಾಲಿನಿಂದ ಆಗಷ್ಟೇ ಹೊರಟ ಚೆಂಡಿಗೆ ಅಡ್ಡ ಬಿದ್ದು ಎರಡು ಪಾಯಿಂಟ್ ತಪ್ಪಿಸಿದರು. ಆ ಒಂದು ಓಟ ನೋಡಿದ್ದರೆ ಸಾಕು, ನಿದ್ದೆಗೆಟ್ಟದ್ದು ಸಾರ್ಥಕ. ಆದರೆ ಸೋತ ಕಡೆಯ ಕೆಲವರು ಆಟ ಬಿಟ್ಟು ರೆಫರಿಯ ಹಿಂದೆ ಬಿದ್ದರು. ಫೈನಲಿನ ಟಿವಿ ರೆಫರಿ ಆ ಬೈಗುಳ ತಾಳಲಾರದೆ ಅಂತಾರಾಷ್ಟ್ರೀಯ ಪಂದ್ಯಗಳಿಂದಲೇ ದೂರ ಸರಿದರು. ಇದನ್ನು ಅಭಿಮಾನ ಅಂತ ಕರೆಯಲು ನಾನು ಒಪ್ಪುವುದಿಲ್ಲ.

ಐರ್ಲೆಂಡ್ ಅದೇ ಟೂರ್ನಿಗೆ ಜಗತ್ತಿನ ನಂಬರ್ ಒಂದು ತಂಡವಾಗಿ ಬಂದಿತ್ತು, ಕ್ವಾರ್ಟರ್ ಫೈನಲಿಗೆ ಬರುವಷ್ಟರಲ್ಲಿ ಸತತ 17 ಪಂದ್ಯ ಗೆದ್ದಿತ್ತು. ಅಲ್ಲಿ ನ್ಯೂಜಿಲೆಂಡ್ ಎದುರು ನಾಲ್ಕು ಪಾಯಿಂಟ್ ಹಿಂದೆ ಇದ್ದಾಗ, ಕೊನೆಯಲ್ಲಿ ಚೆಂಡು ಕೈಬಿಡದೆ 37 ಸಲ ನುಗ್ಗಿ, ಬಿದ್ದು, ಎದ್ದರು. ಗೆರೆ ದಾಟಲಿಲ್ಲ. ಆ 37 ಸಲವನ್ನು ಬೋರ್ಡ್ ತೋರಿಸುವುದಿಲ್ಲ. ಇನ್ನು ಫಿಜಿ. ಪುಟ್ಟ ದ್ವೀಪ ದೇಶ. 2016ರ ಒಲಿಂಪಿಕ್ಸಿನಲ್ಲಿ ಏಳು ಜನರ ರಗ್ಬಿಯಲ್ಲಿ ಬ್ರಿಟನ್ನನ್ನು 43-7ರಲ್ಲಿ ಸೋಲಿಸಿ ದೇಶದ ಮೊದಲ ಒಲಿಂಪಿಕ್ ಪದಕವನ್ನೇ ಚಿನ್ನವಾಗಿ ತಂದರು. ಸರ್ಕಾರ ರಜೆ ಕೊಟ್ಟಿತು, ಆಮೇಲೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ವರ್ಷ ವರ್ಷ ಕಾದಾಡುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದ ಒಂದು ಕ್ಲಬ್ ಮುಚ್ಚಿದಾಗ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ 1878ರಲ್ಲಿ ಮಾಡಿಸಿದ್ದು. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ನಮ್ಮ ಹೆಣ್ಣುಮಕ್ಕಳ ಹದಿನೈದರ ತಂಡ 2019ರಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನು 21-19ರಲ್ಲಿ ಸೋಲಿಸಿ ಮೊದಲ ಅಂತಾರಾಷ್ಟ್ರೀಯ ಗೆಲುವು ಕಂಡಿತು. ಅದಕ್ಕೆ ಮುಂಚೆ ಸೋತ ಪಂದ್ಯಗಳಲ್ಲೂ ಆ ಮಕ್ಕಳು ಆಡಿದ್ದಾರೆ. ಅವಕ್ಕೂ ಚಪ್ಪಾಳೆ ಸಲ್ಲಬೇಕು.

ಮುಂದಿನ ಗಂಡಸರ ವಿಶ್ವಕಪ್ 2027ರ ಅಕ್ಟೋಬರ್ 1ರಿಂದ ಆಸ್ಟ್ರೇಲಿಯಾದಲ್ಲಿ. ಈ ಸಲ 24 ತಂಡ. ಸಿಡ್ನಿಯಲ್ಲಿ ರಾತ್ರಿ ಆಡಿದರೆ ನಮ್ಮಲ್ಲಿ ಮಧ್ಯಾಹ್ನ, ನಿದ್ದೆ ಕೆಡುವ ತಾಪತ್ರಯ ಇಲ್ಲ. ಯಾವುದಾದರೂ ಸಣ್ಣ ತಂಡವನ್ನು ಆರಿಸಿಕೊಂಡು ಅದರ ಎಲ್ಲ ಪಂದ್ಯಗಳನ್ನೂ ಕೊನೆಯ ತನಕ ನೋಡಿ. ಮೂವತ್ತು ಪಾಯಿಂಟ್ ಹಿಂದೆ ಬಿದ್ದರೂ ಟಿವಿ ಆರಿಸಬೇಡಿ. ಆಕಾಶವಾಣಿಯವರು ಆಗ ಮತ್ತೆ ಕರೆದರೆ, ಆ ತಂಡ ಹೇಗೆ ಆಡಿತು ಅಂತ ಇಲ್ಲೇ ಕೂತು ಮಾತಾಡೋಣ. ನಮಸ್ಕಾರ.